ಜಮ್ಮಾ ಕೋವಿ ವಿನಾಯಿತಿಯೂ ಅಮೆರಿಕದ ಎರಡನೇ ತಿದ್ದುಪಡಿಯೂ ಒಂದೇನಾ?

ಗೋಣಿಕೊಪ್ಪ_ಕಾಫಿ:
ತಮ್ಮ ಎಚ್-1ಬಿ ವೀಸಾದಲ್ಲಿ ಟೆಕ್ಸಾಸ್‌ಗೆ ಹೊರಟಿದ್ದಾನೆ. ಅಲ್ಲಿ ಕೋವಿ ಇಟ್ಟುಕೊಳ್ಳೋದು ಸಂವಿಧಾನದ ಹಕ್ಕು, ಕೊಡಗಿನಲ್ಲಿ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳೋ ನಮ್ಮ ವಿನಾಯಿತಿ ಇದ್ದ ಹಾಗೇ ಅನ್ನುತ್ತಾನೆ. ಹೋದ ಮೇಲೆ ಒಂದು ಕೊಳ್ಳಬಹುದಾ?

ವಿರಾಜಪೇಟೆ_ವಕೀಲ:
ಎರಡರ ಬುಡವೇ ಬೇರೆ. ನಮ್ಮದು 1959ರ ಶಸ್ತ್ರಾಸ್ತ್ರ ಕಾಯ್ದೆಯ 41ನೇ ಕಲಮಿನಡಿ ಕೇಂದ್ರ ಸರ್ಕಾರ ಅಧಿಸೂಚನೆಯಲ್ಲಿ ಕೊಟ್ಟದ್ದು: ಕೊಡವರಿಗೆ, ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಲೈಸೆನ್ಸ್ ಬೇಡ. 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿದ್ದಾರೆ, 2029ಕ್ಕೆ ಮತ್ತೆ ಅದೇ ಚರ್ಚೆ. 2021ರಲ್ಲಿ ಹೈಕೋರ್ಟ್ ಎತ್ತಿ ಹಿಡಿದದ್ದು ವಿನಾಯಿತಿಯನ್ನು. ಕೋವಿ ಮೂಲಭೂತ ಹಕ್ಕು ಅಂತ ಹೇಳಲಿಲ್ಲ. ಕೈಲ್ ಮುಹೂರ್ತದಲ್ಲಿ, ನಮ್ಮ ಆಯುಧಪೂಜೆ ಹಬ್ಬದಲ್ಲಿ, ಪೂಜೆ ಮಾಡುತ್ತೇವೆ ಅಂದ ಮಾತ್ರಕ್ಕೆ ಅದು ಹಕ್ಕಾಗುವುದಿಲ್ಲ.

ಅಲ್ಲಿಯ ಎರಡನೇ ತಿದ್ದುಪಡಿ 1791ರಿಂದ ಸಂವಿಧಾನದಲ್ಲೇ ಇದೆ. ಆದರೂ ಅದು ನಾಗರಿಕ ಸೇನಾದಳಕ್ಕೆ (ಮಿಲಿಷಿಯಾ) ಮಾತ್ರ ಸೇರಿದ್ದಲ್ಲ, ಮನೆಯಲ್ಲಿ ಆತ್ಮರಕ್ಷಣೆಗೆ ಕೋವಿ ಇಟ್ಟುಕೊಳ್ಳುವ ವ್ಯಕ್ತಿಯ ಹಕ್ಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2008ರ ಹೆಲ್ಲರ್ ಪ್ರಕರಣದಲ್ಲಿ, ಅದೂ 5-4ರಲ್ಲಿ. 2010ರಲ್ಲಿ ರಾಜ್ಯಗಳಿಗೂ ಅನ್ವಯವಾಯಿತು. 2022ರ ಬ್ರೂಯೆನ್ ತೀರ್ಪಿನ ನಂತರ, ನಿರ್ಬಂಧ ಹಾಕಿದ ಸರ್ಕಾರವೇ ಅಂಥದ್ದು ದೇಶದ ಚರಿತ್ರೆಯಲ್ಲಿ ಮೊದಲಿಂದ ಇತ್ತು ಎಂದು ತೋರಿಸಬೇಕು.

ಕುಶಾಲನಗರ_ಕಾನೂನು:
ವಕೀಲರು ಹೇಳಿದ್ದು ಸರಿ, ಆದರೆ ತಮ್ಮನಿಗೆ ಬೇಕಾದದ್ದು ಬೇರೆ. ಅಲ್ಲಿನ ಫೆಡರಲ್ ಕಾನೂನು, 18ನೇ ಶೀರ್ಷಿಕೆಯ 922(ಜಿ)(5)(ಬಿ) ಪ್ರಕಾರ ಎಚ್-1ಬಿಯಂಥ ತಾತ್ಕಾಲಿಕ ವೀಸಾದವರು ಕೋವಿ ಮಾತ್ರವಲ್ಲ, ತೋಟಾ ಇಟ್ಟುಕೊಳ್ಳುವುದೂ ಅಪರಾಧ. ಗರಿಷ್ಠ 15 ವರ್ಷ ಜೈಲು. ಟೆಕ್ಸಾಸ್ ಎಷ್ಟೇ ಉದಾರವಾಗಿದ್ದರೂ ಇದು ಬಿಡುವುದಿಲ್ಲ.

ಒಂದು ದಾರಿ ಉಂಟು: ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಅಂಗಡಿಯಲ್ಲಿ ತುಂಬಿಸುವ 4473 ನಮೂನೆಯಲ್ಲಿ ವೀಸಾ ಬಗ್ಗೆ ನೇರ ಪ್ರಶ್ನೆ ಇದೆ; ಸುಳ್ಳು ಬರೆದರೆ ಅದೇ ಇನ್ನೊಂದು ಅಪರಾಧ. ಲೈಸೆನ್ಸ್ ಅವಧಿ ಮುಗಿದ ದಿನ ರಕ್ಷಣೆಯೂ ಮುಗಿಯಿತು, ಕೋವಿ ಮಾತ್ರ ಬೀರುವಿನಲ್ಲೇ ಇರುತ್ತೆ. ಸಿಕ್ಕಿಬೀಳುವುದು ಹೀಗೇ.

ಗೋಣಿಕೊಪ್ಪ_ಕಾಫಿ:
ಕೊಳ್ಳೋದು ಬೇಡ ಸಾರ್. ಸ್ನೇಹಿತರ ಜೊತೆ ಶೂಟಿಂಗ್ ರೇಂಜ್‌ಗೆ ಹೋಗಿ ಬಾಡಿಗೆ ಕೋವಿಯಲ್ಲಿ ಹೊಡೆದರೆ?

ಕುಶಾಲನಗರ_ಕಾನೂನು:
ಅದೂ ಆಗಲ್ಲ. ಕೈಯಲ್ಲಿ ಹಿಡಿದರೇ ಸ್ವಾಧೀನ, ಬಾಡಿಗೆಯಾದರೇನು. ಜನ ಎಡವುವುದು ಇಲ್ಲೇ, ಮೇಲಿಂದ ಅದರ ಫೋಟೊ ಬೇರೆ ಹಾಕುತ್ತಾರೆ. ಬೇಟೆ ಲೈಸೆನ್ಸ್ ಮೊದಲು, ರೇಂಜ್ ಆಮೇಲೆ. ಗ್ರೀನ್ ಕಾರ್ಡ್ ಬಂದ ಮೇಲೆ ಈ ವೀಸಾ ನಿರ್ಬಂಧ ಇರುವುದಿಲ್ಲ.

ವಿರಾಜಪೇಟೆ_ವಕೀಲ:
ಮನೆಯಿಂದ ವಿನಾಯಿತಿ ಪತ್ರ ಒಯ್ಯುವ ಯೋಚನೆ ಇದ್ದರೆ ಬಿಡಲಿ. ಅಲ್ಲಿ ಅದಕ್ಕೆ ಕಿಮ್ಮತ್ತಿಲ್ಲ.