ಹಳೇ ಹೋಂಡಾ ಸಿಬಿ750: ಎಂಜಿನ್ ಪೂರ್ತಿ ಬಿಚ್ಚಿದಾಗ ಕ್ಯಾಮ್ ಚೈನ್ ಬದಲಿಸಲೇಬೇಕಾ?

ಪ್ರಶ್ನೆ:
1970ರ ದಶಕದ ಸಿಂಗಲ್ ಕ್ಯಾಮ್ ಸಿಬಿ750 ಬೈಕ್. ಕ್ರ್ಯಾಂಕ್‌ಕೇಸ್ ಎರಡು ಹೋಳಾಗಿ ಟೇಬಲ್ ಮೇಲಿದೆ. ಕ್ಯಾಮ್ ಚೈನ್ (ಕ್ರ್ಯಾಂಕ್‌ನಿಂದ ವಾಲ್ವ್ ತೆರೆಯೋ ಕ್ಯಾಮನ್ನು ತಿರುಗಿಸೋದು) ನೋಡೋಕೆ ಚೆನ್ನಾಗಿದೆ, ಆದ್ರೆ ಅದನ್ನ ಬಿಗಿಯಾಗಿಡೋ ಟೆನ್ಷನರ್ ಕೊನೇ ತನಕ ಹೊರಗೆ ಬಂದಿತ್ತು. ಚೈನ್ ಹೊಸದು ಹಾಕ್ಬೇಕಾ? ಹಾಕೋದಾದ್ರೆ ತುದಿ ಜೋಡಿಸೋ ಲಿಂಕ್ ಇರೋದಾ, ಇಲ್ದಿರೋದಾ? ಟೈಮಿಂಗ್ ಕೂರಿಸುವಾಗ ಏನು ನೋಡ್ಕೋಬೇಕು?

ಉತ್ತರ 1:
ಟೆನ್ಷನರ್ ಆಗಲೇ ಉತ್ತರ ಹೇಳಿದೆ. ಚೈನ್ ಉದ್ದ ಆಗೋದು ಪಟ್ಟಿ ಹಿಗ್ಗಿ ಅಲ್ಲ. ಪ್ರತಿ ಪಿನ್ನು ಚೂರುಚೂರೇ ಸವೆದು ಒಟ್ಟಿಗೆ ಸೇರುತ್ತೆ, ಅದಕ್ಕೇ ಕಣ್ಣಿಗೆ ಕಾಣಲ್ಲ. ಹಳೇದು, ಹೊಸದು ಎರಡನ್ನೂ ಒಂದೇ ಮೊಳೆಗೆ ನೇತುಹಾಕಿ, ಕೆಳಗೆ ವ್ಯತ್ಯಾಸ ಗೊತ್ತಾಗುತ್ತೆ. ಉದ್ದವಾದ ಚೈನ್‌ನಿಂದ ಕ್ಯಾಮ್ ತಡವಾಗಿ ತಿರುಗುತ್ತೆ, ವಾಲ್ವ್ ಟೈಮಿಂಗ್ ಹಿಂದೆ ಬೀಳುತ್ತೆ.

ಕೇಸ್ ತೆರೆದೇ ಇರೋದ್ರಿಂದ ಲಿಂಕ್ ಇಲ್ಲದ, ಪೂರ್ತಿ ಸುತ್ತಿನ ಚೈನನ್ನೇ ಕ್ರ್ಯಾಂಕ್ ಕೂರಿಸುವಾಗ ಹಾಕಿಬಿಡಿ. ಜೊತೆಗೆ ಟೆನ್ಷನರ್, ಗೈಡ್ ಎರಡರ ರಬ್ಬರ್ ನೋಡಿ. ಉಗುರು ಒತ್ತಿದ್ರೆ ಗುರುತು ಬೀಳದಷ್ಟು ಗಟ್ಟಿಯಾಗಿದ್ರೆ ಎರಡನ್ನೂ ಬಿಸಾಕಿ. ಗಟ್ಟಿಯಾದ ರಬ್ಬರ್ ತುಂಡಾಗಿ ಆಯಿಲ್ ಸ್ಟ್ರೈನರ್‌ಗೆ ಅಡ್ಡ ಕೂರುತ್ತೆ. ಚೈನ್ ಸದ್ದಿಗಿಂತ ಅದು ದೊಡ್ಡ ತಲೆನೋವು. ಸ್ಪ್ರಾಕೆಟ್ ಹಲ್ಲು ಕೊಕ್ಕೆಯಾಗಿದೆಯಾ ಅಂತಾನೂ ನೋಡಿ.

ಉತ್ತರ 2:
ಟೈಮಿಂಗ್ ವಿಷಯ. ಬ್ಲಾಕ್, ಹೆಡ್ ಇಳಿಸುವಾಗ ಚೈನನ್ನು ತಂತಿ ಕಟ್ಟಿ ಮೇಲಕ್ಕೆ ಎಳೆದಿಟ್ಟಿರಿ. ಸಡಿಲ ಬಿಟ್ಟು ಕ್ರ್ಯಾಂಕ್ ತಿರುಗಿಸಿದ್ರೆ ಚೈನ್ ಕೆಳಗೆ ಮುದುಡಿ ಸಿಕ್ಕಿಹಾಕ್ಕೊಳ್ಳುತ್ತೆ.

ಕ್ರ್ಯಾಂಕನ್ನು ಟಿ 1-4 ಗುರುತಿಗೆ (1, 4ನೇ ಪಿಸ್ಟನ್ ಪೂರ್ತಿ ಮೇಲಿರೋ ಜಾಗ) ತನ್ನಿ. ಎಂಜಿನ್ ಓಡುವ ದಿಕ್ಕಿನಲ್ಲೇ ತಿರುಗಿಸಿ ನಿಲ್ಲಿಸಿ. ದಾಟಿಹೋದ್ರೆ ಹಿಂದಕ್ಕೆ ತಿರುಗಿಸಿ ಸರಿಮಾಡ್ಬೇಡಿ, ಇನ್ನೊಂದು ಸುತ್ತು ಹಾಕಿ. ಮುಂದಿನ ಬದಿಯ ಚೈನ್ ಬಿಗಿ ಇರ್ಬೇಕು, ಸಡಿಲ ಎಲ್ಲಾ ಟೆನ್ಷನರ್ ಇರೋ ಹಿಂದಿನ ಬದಿಗೆ ಬರ್ಬೇಕು. ಹೆಚ್ಚಿನವರು ಎಡವೋದು ಇಲ್ಲೇ: ಸಡಿಲ ಮುಂದೆ ಉಳಿದಿದ್ದಾಗ ಗುರುತು ಕೂಡಿಸ್ತಾರೆ, ಟೆನ್ಷನರ್ ಬಿಟ್ಟ ಕೂಡ್ಲೇ ಕ್ಯಾಮ್ ಜರುಗುತ್ತೆ. ಲೆಕ್ಕ ನೋಡಿ, ಸ್ಪ್ರಾಕೆಟ್‌ಗೆ 30 ಹಲ್ಲು ಅಂದ್ಕೊಂಡ್ರೆ ಒಂದು ಹಲ್ಲು ತಪ್ಪಿದ್ರೆ ಕ್ಯಾಮ್ 12 ಡಿಗ್ರಿ, ಕ್ರ್ಯಾಂಕ್ ಲೆಕ್ಕದಲ್ಲಿ 24 ಡಿಗ್ರಿ.

ಆಮೇಲೆ ಟೆನ್ಷನರ್ ಲಾಕ್ ಸಡಿಲಿಸಿ, ಸ್ಪ್ರಿಂಗ್ ತಾನೇ ತಳ್ಳಲಿ. ಕೈಯಿಂದ ಒತ್ತಿ ಬಿಗಿ ಮಾಡಿದ್ರೆ ಕೀರಲು ಸದ್ದು ಬರುತ್ತೆ, ರಬ್ಬರೂ ಬೇಗ ಹೋಗುತ್ತೆ. ಪ್ಲಗ್ ತೆಗೆದು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲಾದ್ರೂ ಗಟ್ಟಿಯಾಗಿ ತಡೆದ್ರೆ ಒತ್ತಾಯ ಮಾಡ್ಬೇಡಿ, ವಾಲ್ವ್ ಪಿಸ್ಟನ್‌ಗೆ ತಾಗ್ತಿರ್ಬಹುದು.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್ ಸರ್. ಪಾಯಿಂಟ್ (ಕಿಡಿಯ ಸಮಯ ನಿರ್ಧರಿಸೋ ಸ್ವಿಚ್) ಮತ್ತೆ ಸೆಟ್ ಮಾಡ್ಬೇಕಾ?

ಉತ್ತರ 3:
ಚೈನ್ ಬದಲಿಸಿದ್ದಕ್ಕೆ ಬೇಡ, ಇದರಲ್ಲಿ ಪಾಯಿಂಟ್ ಕ್ರ್ಯಾಂಕ್ ತುದಿಯಲ್ಲಿದೆ. ಪಾಯಿಂಟ್ ಕ್ಯಾಮ್ ಮೇಲಿರೋ ಎಂಜಿನ್‌ಗಳಲ್ಲಿ ಮಾತ್ರ ಚೈನ್ ಬದಲಾದ್ರೆ ಇಗ್ನಿಷನ್ನೂ ಬದಲಾಗುತ್ತೆ. ಆದ್ರೆ ಇಡೀ ಎಂಜಿನ್ ಬಿಚ್ಚಿದ್ದೀರಲ್ಲ, ಪಾಯಿಂಟ್ ಕೂರೋ ಪ್ಲೇಟ್ ತೆಗೆದಿದ್ರೆ ಹೇಗೂ ನೋಡ್ಲೇಬೇಕು. ಟ್ಯಾಪೆಟ್ ಗ್ಯಾಪ್ (ವಾಲ್ವ್ ಮೇಲಿನ ಸಣ್ಣ ಸಂದು) ಎಂಜಿನ್ ತಣ್ಣಗಿರುವಾಗ ಇನ್‌ಟೇಕ್ 0.05, ಎಕ್ಸಾಸ್ಟ್ 0.08 ಮಿಲಿಮೀಟರ್, ಚೈನ್ ಟೆನ್ಷನ್ ಆದಮೇಲೆ.

ಇನ್ನೊಂದು ಮಾತು: ಮುಂದೆ ಯಾವಾಗ್ಲಾದ್ರೂ ಕೇಸ್ ಬಿಚ್ಚದೆ ಚೈನ್ ಹಾಕೋ ಹಾಗಾದ್ರೆ ರಿವೆಟ್ ಲಿಂಕ್ ಬಳಸಿ, ಕ್ಲಿಪ್ ಲಿಂಕ್ ಬೇಡ. ಹಳೇ ಚೈನ್ ಕತ್ತರಿಸುವ ಮೊದ್ಲು ಚೈನ್ ಹಾದುಹೋಗೋ ಗೂಡಿಗೆ ಬಟ್ಟೆ ತುರುಕಿ. ಒಂದು ಪಿನ್ ಕೆಳಗೆ ಬಿದ್ರೆ ಮತ್ತೆ ಎಂಜಿನ್ ಇಳಿಸ್ಬೇಕಾದೀತು.