ಪೆಟ್ಟು ಬಿದ್ದ ಮೇಲೆ "ಮನಸ್ಸು ಗಟ್ಟಿ ಮಾಡಿಕೋ" ಅಂತಾರೆ. ಅದನ್ನು ಮಾಡುವುದು ಹೇಗೆ?

ಬೆಳ್ಳಕ್ಕಿ ಕೇಳಿದ್ದು:

ಕೆಲಸ ಹೋಗುತ್ತದೆ, ವರ್ಷಗಟ್ಟಲೆ ಓದಿದ ಪರೀಕ್ಷೆ ಕೈಕೊಡುತ್ತದೆ, ಸಂಬಂಧ ಮುರಿಯುತ್ತದೆ, ವ್ಯಾಪಾರ ಮುಳುಗುತ್ತದೆ. ಇಂಥ ಹೊಡೆತ ತಿಂದವರಿಗೆ ಎಲ್ಲರೂ ಹೇಳುವ ಮಾತು ಒಂದೇ: ಮನಸ್ಸು ಗಟ್ಟಿ ಮಾಡಿಕೋ. ಅದಕ್ಕೆ ನಾಳೆ ಬೆಳಿಗ್ಗೆ ಎದ್ದು ಏನು ಮಾಡಬೇಕು ಅಂತ ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಗೊತ್ತಿರುವವರು ಹೇಳಿ:

ರಾತ್ರಿ ಮೂರಕ್ಕೆ ಎಚ್ಚರವಾಗಿ ತಲೆ ಗಿರಗಿರ ತಿರುಗುವ, ಹಗಲು ಕೈಕಾಲೇ ಆಡದ ಮೊದಲ ಕೆಲವು ವಾರಗಳಲ್ಲಿ ಎಲ್ಲಿಂದ ಶುರು ಮಾಡುವುದು? ಡೈರಿ ಬರೆದರೆ ಹಗುರಾಗುತ್ತೆ ಅಂತಾರಲ್ಲ, ಬರೆದಷ್ಟೂ ಕುದಿ ಹೆಚ್ಚುವುದು ಯಾಕೆ? ಮತ್ತೆ, ಈ ಚೇತರಿಸಿಕೊಳ್ಳುವ ಶಕ್ತಿ ಹುಟ್ಟಿನಿಂದ ಬಂದದ್ದಾ, ಕಲಿಯುವಂಥದ್ದಾ?

ಹೊಂಗೆನೆರಳು:

ಕೊನೆಯ ಪ್ರಶ್ನೆ ಮೊದಲು ಮುಗಿಸೋಣ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳ ಬದುಕನ್ನು ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಗಮನಿಸಿದರು. ಬಡತನ, ಮನೆಯ ಜಗಳ, ಹೆತ್ತವರ ಮನೋರೋಗ ಹೀಗೆ ಹಲವು ಕಷ್ಟ ಒಟ್ಟಿಗೆ ಇದ್ದ ಮಕ್ಕಳಲ್ಲೂ ಸುಮಾರು ಮೂರನೇ ಒಂದು ಭಾಗ ಚೆನ್ನಾಗಿಯೇ ಬೆಳೆದರು. ಅಂಥವರಲ್ಲಿ ಎದ್ದು ಕಂಡ ಸಂಗತಿಗಳಲ್ಲಿ ಒಂದು, ಆಸರೆಯಾಗಿ ನಿಂತ ಒಬ್ಬರಾದರೂ ಹಿರಿಯರು. ಅವರು ತಂದೆ ತಾಯಿಯೇ ಆಗಿರಬೇಕಿರಲಿಲ್ಲ. ಹದಿಹರೆಯದಲ್ಲಿ ದಾರಿ ತಪ್ಪಿದ ಹಲವರು ಮುಂದೆ ಸಂಭಾಳಿಸಿಕೊಂಡದ್ದೂ ಅದೇ ಅಧ್ಯಯನದಲ್ಲಿದೆ. ಹುಟ್ಟುಗುಣದ ಪಾಲು ಇದ್ದೇ ಇದೆ, ಆದರೆ ಉಳಿದದ್ದು ಕಟ್ಟಿಕೊಳ್ಳುವಂಥದ್ದು.

ಇನ್ನು ಮೊದಲ ವಾರಗಳು. ನಿದ್ದೆಯಿಂದ ಶುರು ಮಾಡಿ, ಯೋಚನೆಯಿಂದ ಬೇಡ. ನಿದ್ದೆಗೆಟ್ಟ ತಲೆಗೆ ಸಣ್ಣ ಸೋಲೂ ಬೆಟ್ಟದಷ್ಟು ಕಾಣುತ್ತದೆ.

ನಿದ್ದೆ ಹತ್ತುವ ಹೊತ್ತು ನಿಮ್ಮ ಕೈಯಲ್ಲಿಲ್ಲ, ಏಳುವ ಹೊತ್ತು ಇದೆ. ಏಳುವ ಒಂದು ಸಮಯ ಗೊತ್ತುಮಾಡಿ. ಕೆಲಸವಿಲ್ಲದ ದಿನವೂ, ರಾತ್ರಿ ಎಷ್ಟೇ ಕೆಟ್ಟಿರಲಿ, ಅರ್ಧ ಗಂಟೆಗಿಂತ ಆಚೀಚೆ ಆಗಬಾರದು. ಮೂರಕ್ಕೆ ಎಚ್ಚರವಾಗಿ ಸುಮಾರು ಇಪ್ಪತ್ತು ನಿಮಿಷ ನಿದ್ದೆ ಬರಲಿಲ್ಲ ಅನಿಸಿದರೆ ಹಾಸಿಗೆ ಬಿಟ್ಟು ಏಳಿ. ಗಡಿಯಾರ ನೋಡಬೇಡಿ, ಅಂದಾಜು ಸಾಕು. ಮಂದ ಬೆಳಕಲ್ಲಿ ಬಟ್ಟೆ ಮಡಿಸುವಂಥ ಸಪ್ಪೆ ಕೆಲಸ ಮಾಡಿ, ಕಣ್ಣು ಎಳೆದಾಗ ಮತ್ತೆ ಮಲಗಿ. ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಜಿನ್ 1972ರಲ್ಲಿ ಹೇಳಿದ ಕ್ರಮ ಇದು. ನಿದ್ರಾಹೀನತೆಯ ಚಿಕಿತ್ಸೆಯಲ್ಲಿ ಇಂದಿಗೂ ಬಳಕೆಯಲ್ಲಿದೆ. ಇದರ ಹಿಂದಿನ ಲೆಕ್ಕ ಸರಳ: ಹಾಸಿಗೆಯಲ್ಲಿ ಹೊರಳಾಡುತ್ತಾ ಚಿಂತಿಸಿದರೆ, ಹಾಸಿಗೆ ಕಂಡರೇ ಚಿಂತೆ ಏಳುವ ಅಭ್ಯಾಸ ಮೆದುಳಿಗೆ ಆಗಿಬಿಡುತ್ತದೆ.

ಕೆಡುವುದು ಎಲ್ಲಿ ಗೊತ್ತಾ? "ಸುಸ್ತಾಗಿದೆ" ಅಂತ ರಾತ್ರಿ ಎಂಟಕ್ಕೇ ಮಲಗುವುದು, ಸಂಜೆ ಎರಡು ಗಂಟೆ ನಿದ್ದೆ ಹೊಡೆಯುವುದು, ಮತ್ತು ಮದ್ಯ. ಮದ್ಯ ಬೇಗ ನಿದ್ದೆ ಹತ್ತಿಸುತ್ತದೆ, ರಾತ್ರಿಯ ಎರಡನೇ ಅರ್ಧವನ್ನು ಚೂರು ಚೂರು ಮಾಡುತ್ತದೆ. ಆ ಮೂರರ ಎಚ್ಚರಕ್ಕೆ ಎಷ್ಟೋ ಸಲ ಅದೇ ಕಾರಣ. ಕಾಫಿಯೂ ಅಷ್ಟೆ. ಕುಡಿದ ಕೆಫೀನಿನ ಅರ್ಧದಷ್ಟು ಸುಮಾರು ಐದು ಗಂಟೆಯ ಮೇಲೂ ಮೈಯಲ್ಲೇ ಇರುತ್ತದೆ. ಮಧ್ಯಾಹ್ನದ ಮೇಲೆ ಬಿಡಿ.

ಹಗಲಿನ ವಿಷಯ. "ಮನಸ್ಸು ಸರಿಹೋದ ಮೇಲೆ ಮಾಡ್ತೀನಿ" ಅನ್ನುವುದು ತಿರುಗುಮುರುಗಾದ ಕ್ರಮ. ಮಾಡಿದರೆ ಮನಸ್ಸು ಹಿಂದಿನಿಂದ ಬರುತ್ತದೆ. ಒಂದು ಹಾಳೆಯಲ್ಲಿ ಮೂರು ಅಂಕಣ ಎಳೆಯಿರಿ: ಗಂಟೆ, ಮಾಡಿದ್ದು, ಮನಸ್ಸು ಹತ್ತಕ್ಕೆ ಎಷ್ಟು. ಒಂದು ವಾರ ಏನನ್ನೂ ಬದಲಿಸದೆ ಬರೀ ಬರೆಯಿರಿ. ಮಂಚದ ಮೇಲೆ ಮೊಬೈಲು ತಿಕ್ಕಿದ ಎರಡು ಗಂಟೆಗೆ 2, ಗಿಡಕ್ಕೆ ನೀರು ಹಾಕಿದ ಹತ್ತು ನಿಮಿಷಕ್ಕೆ 4 ಅಂತ ನಿಮ್ಮ ಕೈಬರಹವೇ ತೋರಿಸುತ್ತದೆ. ಎರಡನೇ ವಾರದಿಂದ ದಿನಕ್ಕೆ ಮೂರೇ ಕೆಲಸ: ಮೈಗೆ ಒಂದು (ನಡಿಗೆ, ಸ್ನಾನ), ತಲೆಯ ಮೇಲೆ ಕೂತ ಜವಾಬ್ದಾರಿಯಿಂದ ಒಂದು (ಒಂದು ಬಿಲ್ ಪಾವತಿ, ಒಂದು ಇಮೇಲ್), ಹಿಂದೆ ಇಷ್ಟವಾಗುತ್ತಿದ್ದದ್ದು ಒಂದು. ಅತಿ ಕೆಟ್ಟ ದಿನವೂ ಮಾಡಿ ಮುಗಿಸುವಷ್ಟು ಚಿಕ್ಕದಿರಲಿ, ಹತ್ತು ನಿಮಿಷ ಸಾಕು. ಪ್ರತಿಯೊಂದಕ್ಕೂ ಗಂಟೆ ಬರೆದಿಡಿ. ಗಂಟೆ ಆಯಿತೋ, ಮನಸ್ಸನ್ನು ಕೇಳದೆ ಏಳಬೇಕು.

ಹೆಚ್ಚಿನವರು ಇಲ್ಲೇ ಎಡವುತ್ತಾರೆ. ಮೊದಲ ದಿನವೇ ಬೆಳಿಗ್ಗೆ ಐದಕ್ಕೆ ಎದ್ದು ಹತ್ತು ಕಿಲೋಮೀಟರ್ ಓಟ ಅಂತ ಹೊರಡುತ್ತಾರೆ, ಮೂರನೇ ದಿನ ತಪ್ಪುತ್ತದೆ, ಮೊದಲ ಸೋಲಿನ ಮೇಲೆ ಇನ್ನೊಂದು ಸೋಲು ಪೇರಿಸಿದಂತಾಗುತ್ತದೆ. ದಯವಿಟ್ಟು ಚಿಕ್ಕದರಿಂದ ಶುರು ಮಾಡಿ.

ಕರಿಹಲಗೆ:

ಡೈರಿಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಬರವಣಿಗೆಯ ಮೇಲೆ ಹೆಸರಾದ ಮೊದಲ ಪ್ರಯೋಗ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸ್ಯಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ್ದು. ಅಲ್ಲಿ ಬರೆಸಿದ್ದು ಸತತ ನಾಲ್ಕು ದಿನ, ದಿನಕ್ಕೆ ಹದಿನೈದೇ ನಿಮಿಷ. ನಡೆದದ್ದು, ಆಗ ಅನಿಸಿದ್ದು ಎರಡನ್ನೂ ಸೇರಿಸಿ. ಬರೆದ ಕೂಡಲೇ ಮನಸ್ಸು ಇನ್ನಷ್ಟು ಕುಗ್ಗಿದ್ದು ಆ ಪ್ರಯೋಗದಲ್ಲೂ ಕಂಡಿತ್ತು. ಲಾಭ ಕಂಡದ್ದು ಮುಂದಿನ ತಿಂಗಳುಗಳಲ್ಲಿ. ಹಾಗಾಗಿ ಬರೆದ ಮೇಲಿನ ಒಂದೆರಡು ಗಂಟೆಯ ಭಾರಕ್ಕೆ ಹೆದರಬೇಡಿ.

ಆದರೆ ಕೊನೆಮೊದಲಿಲ್ಲದೆ ರಾತ್ರಿ ಬರೆಯುವುದು ಬೇರೆ. ಅದು ಮೆಲುಕು. ಮನಶ್ಶಾಸ್ತ್ರಜ್ಞೆ ಸೂಸನ್ ನೋಲೆನ್-ಹೋಕ್ಸೆಮಾ ಇದನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದರು: ದುಃಖದ ಕಾರಣವನ್ನೇ ಸುತ್ತಿ ಸುತ್ತಿ ಯೋಚಿಸುವವರಲ್ಲಿ ಖಿನ್ನತೆ ಹೆಚ್ಚು, ಅದು ಎಳೆಯುವುದೂ ಹೆಚ್ಚು. ಪರೀಕ್ಷೆ ಸುಲಭ. ಹತ್ತು ನಿಮಿಷ ಬರೆದ ಮೇಲೆ ನಿನ್ನೆ ಇರದ ಒಂದು ವಾಕ್ಯವಾದರೂ ಹುಟ್ಟಿದೆಯಾ? ಇಲ್ಲದಿದ್ದರೆ ಪೆನ್ನು ಕೆಳಗಿಡಿ. ಅಲಾರಂ ಇಟ್ಟೇ ಬರೆಯಿರಿ, ಮಲಗುವ ಮುಂಚೆ ಬೇಡ, ಪೆಟ್ಟು ಬಿದ್ದ ಮೊದಲ ದಿನಗಳಲ್ಲೂ ಬೇಡ, ಕೆಲವು ವಾರ ಕಳೆಯಲಿ. ಬರೆಯುತ್ತಾ ತಡೆಯಲಾಗದಷ್ಟು ಸಂಕಟವಾದರೆ ನಿಲ್ಲಿಸಿ. ಬರೆದ ಹಾಳೆ ಹರಿದು ಎಸೆದರೂ ನಷ್ಟವಿಲ್ಲ.

ಇನ್ನೊಂದು ಬಗೆಯ ಬರವಣಿಗೆ ಮನೋವೈದ್ಯ ಏರನ್ ಬೆಕ್ ರೂಪಿಸಿದ, ತಲೆಗೆ ಬಂದ ಯೋಚನೆಯನ್ನು ಸಾಕ್ಷಿಯಿಟ್ಟು ಪರೀಕ್ಷಿಸುವ ಚಿಕಿತ್ಸೆಯಿಂದ ಬಂದದ್ದು. ಒಂದು ಮಾದರಿ ಪೂರ್ತಿ ಹಾಕುತ್ತೇನೆ:

ನಡೆದದ್ದು: ಸಂದರ್ಶನದ ಉತ್ತರ ಬಂತು, ಆಯ್ಕೆಯಾಗಿಲ್ಲ.
ತಲೆಗೆ ಬಂದದ್ದು: "ಇನ್ನು ನನ್ನನ್ನು ಯಾರೂ ತೆಗೆದುಕೊಳ್ಳುವುದಿಲ್ಲ." ನಂಬಿಕೆ ನೂರಕ್ಕೆ 90.
ಭಾವ: ನಾಚಿಕೆ 80, ಭಯ 70.
ಇದು ನಿಜ ಅನ್ನಲು ಸಾಕ್ಷಿ: ಮೂರು ಕಡೆ ಬೇಡ ಅಂದರು.
ಅಲ್ಲ ಅನ್ನಲು ಸಾಕ್ಷಿ: ಮೂರರಲ್ಲಿ ಎರಡು ಕಡೆ ಎರಡನೇ ಸುತ್ತಿಗೆ ಕರೆದಿದ್ದರು. ಕೆಲಸದ ಪ್ರಶ್ನೆಗಳಿಗೆ ಉತ್ತರ ಸರಿ ಇತ್ತು. ತಡವರಿಸಿದ್ದು "ಹಿಂದಿನ ಕೆಲಸ ಯಾಕೆ ಬಿಟ್ಟಿರಿ" ಅಂದಾಗ.
ಎರಡೂ ನೋಡಿ ಹೇಳಬಹುದಾದದ್ದು: "ಎರಡನೇ ಸುತ್ತಿನ ತನಕ ಹೋಗುತ್ತಿದ್ದೇನೆ, ಒಂದು ಪ್ರಶ್ನೆಯಲ್ಲಿ ಸಿಕ್ಕಿಬೀಳುತ್ತಿದ್ದೇನೆ."
ಮೊದಲ ಮಾತಿನ ಮೇಲೆ ಈಗ ನಂಬಿಕೆ: 50.

ಸೊನ್ನೆಗೆ ಇಳಿಯಬೇಕಿಲ್ಲ. 90 ಇದ್ದದ್ದು 50 ಆದರೆ ಮುಂದಿನ ಅರ್ಜಿ ಹಾಕಲು ಕೈ ಏಳುತ್ತದೆ. ಹಾಗೆಂದು "ಆಗುವುದೆಲ್ಲ ಒಳ್ಳೆಯದಕ್ಕೇ" ಅಂತ ಸಿಹಿ ಸವರಿದರೆ ಅಂಕಿ ಕದಲುವುದೇ ಇಲ್ಲ, ಮನಸ್ಸಿಗೆ ಸಾಕ್ಷಿ ಬೇಕು.

ನಮ್ಮ ಭಾಷೆಯಲ್ಲಿ ಒಂದು ಅನುಕೂಲವಿದೆ. ಬರೆದದ್ದರಲ್ಲಿ "ಯಾರೂ, ಎಂದೂ, ಏನೂ, ಎಲ್ಲವೂ" ಮತ್ತು "ನನಗೇ, ನನ್ನಿಂದಲೇ" ಅನ್ನುವ ಪದಗಳಿಗೆ ಸುತ್ತು ಹಾಕಿ. ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್ಮನ್ ಗುರುತಿಸಿದ ಮೂರು ಬಲೆಗಳು, ಅಂದರೆ ತಪ್ಪೆಲ್ಲ ನನ್ನದು, ಇದು ಶಾಶ್ವತ, ಬದುಕಿನ ಎಲ್ಲದರಲ್ಲೂ ಹೀಗೇ ಅನ್ನುವುದು, ಕನ್ನಡದಲ್ಲಿ ಅಡಗಿ ಕೂರುವುದು ಆ ಕೊನೆಯ ಊ ಮತ್ತು ಏಗಳಲ್ಲಿ. ಆ ಅಕ್ಷರ ತೆಗೆದು ವಾಕ್ಯವನ್ನು ಮತ್ತೆ ಬರೆಯಿರಿ. "ಯಾರೂ" ಇದ್ದಲ್ಲಿ "ಈ ಮೂವರು" ಅಂತ ಬರುತ್ತದೆ.

ಬೆಳ್ಳಕ್ಕಿ:

ಆ ಊ, ಏ ಮಾತು ನಾಟಿತು. ಇನ್ನೊಂದು ಕೇಳ್ತೀನಿ: ಜನರ ಮುಖವೇ ಬೇಡ ಅನಿಸುವ ಹೊತ್ತಲ್ಲಿ ಯಾರ ಹತ್ತಿರ ಏನು ಕೇಳುವುದು? ಬಾಯಿ ಬಿಟ್ಟರೆ ಬುದ್ಧಿವಾದ ಶುರುವಾಗುತ್ತದೆ.

ತೂಗುಸೇತುವೆ:

ಏನು ಬೇಕು ಅಂತ ನೀವು ಹೇಳದಿದ್ದರೆ ಬುದ್ಧಿವಾದ ಬರುತ್ತದೆ, ಪಾಪ ಅವರಿಗೂ ಬೇರೆ ಏನು ಕೊಡಬೇಕೋ ತಿಳಿಯದು. ಕೇಳುವುದನ್ನು ಹೊತ್ತು, ಅಳತೆ ಸಮೇತ ಕೇಳಿ. "ತುಂಬ ಬೇಜಾರಾಗಿದೆ" ಅನ್ನುವ ಬದಲು ಇಷ್ಟು ಕಳಿಸಿ: "ನಾಳೆ ಸಂಜೆ ಆರಕ್ಕೆ ಅರ್ಧ ಗಂಟೆ ನಡೆಯೋಕೆ ಬರ್ತೀಯಾ? ಸಲಹೆ ಬೇಡ ಕಣೋ, ಜೊತೆಗಿದ್ದರೆ ಸಾಕು." ಒಬ್ಬರ ಮೇಲೇ ಎಲ್ಲ ಹೊರಿಸಬೇಡಿ. ಕೇಳಿಸಿಕೊಳ್ಳಲು ಒಬ್ಬರು, ಅರ್ಜಿ ತಿದ್ದಲು ಇನ್ನೊಬ್ಬರು, ಬೇರೆ ಮಾತಾಡಿ ನಗಿಸಲು ಮತ್ತೊಬ್ಬರು.

ಆಪ್ತರ ಜೊತೆಗೂ ಒಂದು ಗುಂಡಿಯಿದೆ. ಮನಶ್ಶಾಸ್ತ್ರಜ್ಞೆ ಅಮಾಂಡಾ ರೋಸ್ 2002ರಲ್ಲಿ ತೋರಿಸಿದ್ದು ಮಕ್ಕಳು, ಹದಿಹರೆಯದವರ ಬಗ್ಗೆ: ಗೆಳೆಯರಿಬ್ಬರು ಒಂದೇ ಸಂಕಟವನ್ನು ಕೆದಕುತ್ತಾ ಕೂತರೆ ಸ್ನೇಹ ಗಾಢವಾಗುತ್ತದೆ, ಜೊತೆಗೇ ಆತಂಕ ಖಿನ್ನತೆಯೂ ಹೆಚ್ಚು. ದೊಡ್ಡವರೂ ಎಚ್ಚರವಿರುವುದು ಒಳ್ಳೆಯದು. ಅರ್ಧ ಹೊತ್ತು ಆ ಮಾತು, ಉಳಿದರ್ಧ ಬೇರೆ ಏನಾದರೂ. ಇನ್ನು ಸಂತೈಸಲು ಬರುವವರು ನಡೆದದ್ದನ್ನೆಲ್ಲ ಒತ್ತಾಯಿಸಿ ಹೇಳಿಸಬಾರದು. ಆಘಾತವಾದ ಕೂಡಲೇ ಒಮ್ಮೆ ಕೂರಿಸಿ ಎಲ್ಲ ಬಿಚ್ಚಿಸುವ ಕ್ರಮದಿಂದ ಉಪಯೋಗ ಕಂಡಿಲ್ಲ, ಅದನ್ನು ಮಾಡಬೇಡಿ ಎನ್ನುವುದೇ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನೋಡಿ, ಕೇಳಿಸಿಕೊಳ್ಳಿ, ಬೇಕಾದ ನೆರವಿಗೆ ದಾಟಿಸಿ, ಅಷ್ಟು ಸಾಕು.

ಹೊಂಗೆನೆರಳು ಹೇಳಿದ ಮೂರು ಕೆಲಸಕ್ಕೆ ಒಂದು ಸೇರಿಸುತ್ತೇನೆ. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ ಅವರ "ಹೀಗಾದಾಗ, ಹೀಗೆ" ಸೂತ್ರ. "ನಾಳೆ ಅರ್ಜಿ ಹಾಕಬೇಕು" ಅಂತ ಬರೆದರೆ ಆಗುವುದಿಲ್ಲ. "ತಿಂಡಿ ತಟ್ಟೆ ತೊಳೆದಿಟ್ಟ ಕೂಡಲೇ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಅರ್ಜಿಯ ಮೊದಲ ಪುಟ ತೆರೆಯುತ್ತೇನೆ" ಅಂತ ಬರೆಯಿರಿ. ತಟ್ಟೆಯೇ ನೆನಪಿಸುತ್ತದೆ. ಒಂದು ದಿನಕ್ಕೆ ಇಂಥದ್ದು ಒಂದು ಸಾಕು.

ನೀಲಿಶಾಯಿ:

ಮೇಲಿನದೆಲ್ಲ ಸರಿ, ಆದರೆ ಒಂದು ಮಿತಿ ಹೇಳಲೇಬೇಕು. ಇವೆಲ್ಲ ಬಿದ್ದು ಮುಗಿದ ಪೆಟ್ಟಿಗೆ. ಮನೆಯಲ್ಲಿ ಹೊಡೆತ, ಕೆಲಸದಲ್ಲಿ ಕಿರುಕುಳ, ತಿಂಗಳುಗಟ್ಟಲೆ ಬಾರದ ಸಂಬಳ, ಇವು ಇನ್ನೂ ನಡೆಯುತ್ತಿದ್ದರೆ ತಾಳಿಕೊಳ್ಳುವುದನ್ನು ಕಲಿಯುವುದು ಮದ್ದಲ್ಲ. ಮೊದಲು ಅಲ್ಲಿಂದ ಹೊರಬರುವ ದಾರಿ, ಕಾನೂನಿನ ನೆರವು, ಸುರಕ್ಷಿತ ಜಾಗ.

ಅತ್ತಿಲ್ಲ ಅಂತ ಯಾರನ್ನೂ ಅನುಮಾನಿಸಲೂಬೇಡಿ. ದೊಡ್ಡ ನಷ್ಟದ ನಂತರವೂ ಹಲವರು ಹೆಚ್ಚು ಕುಸಿಯದೆ ದಿನಚರಿ ನಡೆಸಿಕೊಂಡು ಹೋಗುತ್ತಾರೆ ಎಂದು ಮನಶ್ಶಾಸ್ತ್ರಜ್ಞ ಜಾರ್ಜ್ ಬೊನಾನೊ 2004ರಲ್ಲೇ ವಾದಿಸಿದ್ದರು. ಅದು ಒಳಗೆ ಅದುಮಿಟ್ಟ ರೋಗವೇ ಆಗಬೇಕಿಲ್ಲ.

ವೈದ್ಯರ ಹತ್ತಿರ ಯಾವಾಗ? ದಿನದ ಹೆಚ್ಚು ಹೊತ್ತು, ಹೆಚ್ಚುಕಡಿಮೆ ಪ್ರತಿದಿನ, ಎರಡು ವಾರ ಸತತ ಮನಸ್ಸು ಕುಸಿದಿದ್ದರೆ, ಇಲ್ಲವೇ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಜೊತೆಗೆ ನಿದ್ದೆ, ಹಸಿವು, ಏಕಾಗ್ರತೆ ಕೆಟ್ಟಿದ್ದರೆ ಹೋಗಿ. ಥೈರಾಯ್ಡ್ ತೊಂದರೆ, ರಕ್ತಹೀನತೆ ಕೂಡ ಇದೇ ಸುಸ್ತು ತರುತ್ತವೆ, ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಬದುಕೇ ಬೇಡ ಅನಿಸುತ್ತಿದ್ದರೆ ಎರಡು ವಾರ ಎಣಿಸಬೇಡಿ. ಈಗಲೇ ಒಬ್ಬರಿಗೆ ಬಾಯಿ ಬಿಟ್ಟು ಹೇಳಿ, ಒಂಟಿಯಾಗಿರಬೇಡಿ, ಅಪಾಯದ ವಸ್ತುಗಳನ್ನು ಮನೆಯಿಂದ ಹೊರಗೆ ಕಳಿಸಿ, ನೀವಿರುವ ಕಡೆಯ ಸಹಾಯವಾಣಿಗೆ ಅಥವಾ ತುರ್ತು ಸೇವೆಗೆ ಕರೆ ಮಾಡಿ.

ವೈದ್ಯರ ಹತ್ತಿರ ಹೋಗುವಾಗ ಆ ಮೂರು ಅಂಕಣದ ಹಾಳೆ ಒಯ್ಯಿರಿ. "ಯಾವಾಗಿಂದ, ಎಷ್ಟು" ಅಂತ ಕೇಳಿದಾಗ ಮಾತು ಹೊರಡದಿದ್ದರೆ ಅದನ್ನೇ ಮೇಜಿನ ಮೇಲಿಡಿ.