ಸಹಾಯ ಬೇಕು: ಎಚ್‌ಐವಿ ಮತ್ತು ಸೈಟೊಕೈನ್ ಬಗ್ಗೆ ತಿಳಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನು ವಿರಾಜಪೇಟೆಯಲ್ಲಿ ನರ್ಸಿಂಗ್ ಓದುತ್ತಿದ್ದೇನೆ. ಡಿಸೆಂಬರ್ 1ರ ಏಡ್ಸ್ ದಿನಕ್ಕೆ ಕ್ಲಾಸಲ್ಲಿ ಸೆಮಿನಾರ್ ಕೊಡಬೇಕು.

ಸೈಟೊಕೈನ್ ಅಂದರೆ ರೋಗನಿರೋಧಕ ಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ ಪ್ರೋಟೀನ್, ಅಷ್ಟು ಗೊತ್ತು. ಇಂಟರ್‌ಲ್ಯೂಕಿನ್-7 ಎಂಬ ಸೈಟೊಕೈನ್ ಟಿ ಕೋಶಗಳನ್ನು (ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು) ಉಳಿಸುತ್ತದೆ. ಇಂಟರ್‌ಫೆರಾನ್ ಎಂಬ ಇನ್ನೊಂದು ಸೈಟೊಕೈನ್ ಮೊದಮೊದಲು ವೈರಸ್ಸನ್ನು ತಡೆಯುತ್ತದೆ, ಆದರೆ ವರ್ಷಗಟ್ಟಲೆ ಹಾಗೇ ಇದ್ದರೆ ಕೋಶಗಳು ಸುಸ್ತಾಗುತ್ತವೆ. ಎಆರ್‌ಟಿ, ಅಂದರೆ ಎಚ್‌ಐವಿ ಬೆಳೆಯದಂತೆ ತಡೆಯುವ ಮಾತ್ರೆಯಿಂದ ವೈರಸ್ ಟೆಸ್ಟಿಗೆ ಸಿಗದಷ್ಟು ಇಳಿದ ಮೇಲೂ ಕೆಲವರಲ್ಲಿ ಉರಿಯೂತ ಹೆಚ್ಚಿಸುವ ಇಂಟರ್‌ಲ್ಯೂಕಿನ್-6 ಜಾಸ್ತಿಯೇ ಇರುತ್ತದೆ.

ನಾನು ಸಿಕ್ಕಿಕೊಂಡಿರುವುದು ಟಿ ಕೋಶಗಳನ್ನು ಬೆಳೆಸುವ ಇಂಟರ್‌ಲ್ಯೂಕಿನ್-2 ಹತ್ತಿರ. 2009ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳಲ್ಲಿ ಎಆರ್‌ಟಿ ಜೊತೆಗೆ ಅದನ್ನೂ ಕೊಟ್ಟು ನೋಡಿದ್ದರು. ಸಿಡಿ4 ಕೋಶಗಳ (ಎಚ್‌ಐವಿಗೆ ಮುಖ್ಯವಾಗಿ ಬಲಿಯಾಗುವ ಟಿ ಕೋಶಗಳು) ಸಂಖ್ಯೆ ಚೆನ್ನಾಗಿಯೇ ಏರಿತು. ಕಾಯಿಲೆಯೂ ಸಾವೂ ಮಾತ್ರ ಕಡಿಮೆಯಾಗಲಿಲ್ಲ! ಯಾಕೆ? ಹೊಸದಾಗಿ ಹೆಚ್ಚಾದ ಕೋಶಗಳು ಸರಿಯಾಗಿ ಕೆಲಸ ಮಾಡಲಿಲ್ವಾ, ಇಲ್ಲ ಇಂಟರ್‌ಲ್ಯೂಕಿನ್-2ರಿಂದ ಬಂದ ಉರಿಯೂತವೇ ಲಾಭವನ್ನೆಲ್ಲ ತಿಂದಿತಾ? ಸಿಡಿ4 ಏರಿದರೆ ಸಾಕು ಅಂತಲೇ ನಮಗೆಲ್ಲ ಹೇಳಿಕೊಟ್ಟಿದ್ದು, ಅಲ್ವಾ?

ಮಡಿಕೇರಿ ಕಡೆಯ ಡಾಕ್ಟರುಗಳು, ಲ್ಯಾಬಿನ ಅಣ್ಣ ಅಕ್ಕಂದಿರು, ಇಮ್ಯುನಾಲಜಿ ಪಾಠ ಮಾಡುವವರು ಯಾರಾದರೂ ಸ್ವಲ್ಪ ಬಿಡಿಸಿ ಹೇಳಿ. ಫೋನಲ್ಲಾದರೂ ಸರಿ, ಸಂಜೆ ಬಿಡುವಾಗಿರುತ್ತೇನೆ.

ಅದೇ ವಾರ ಕಾಫಿ ತೋಟದ ಲೈನ್ ಮನೆಯವರ ಜೊತೆಗೂ ಮಾತಾಡುವುದಿದೆ. ಅಲ್ಲಿ ಸೈಟೊಕೈನ್ ಕಥೆ ಬೇಡ, ಟೆಸ್ಟ್ ಮಾಡಿಸಿ, ಮಾತ್ರೆ ಬಿಡಬೇಡಿ ಅಂತಷ್ಟೇ ಹೇಳುತ್ತೇನೆ.